ಹಳದಿ ಚೀಟಿಯ ಬಸಿರು: ಆಸ್ಪತ್ರೆ, ಮಿಡ್‌ವೈಫ್ ಕೇಂದ್ರ, ಊರಿನ ಸಿಸ್ಟರ್

ನನ್ನ ‘ತಾಯಿ ಕಾರ್ಡ್’, ಅಂದರೆ ಬಸಿರಿನ ತಪಾಸಣೆ ಬರೆದಿಡುವ ಸರ್ಕಾರಿ ಕಾರ್ಡಿನ ಮೇಲೆ ಒಂದು ಹಳದಿ ಚೀಟಿ ಇದೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ನಡೆಯುತ್ತದಲ್ಲ, ಅಲ್ಲಿ ಅಂಟಿಸಿದ್ದು. ಏನೂ ತೊಂದರೆ ಇಲ್ಲದವರಿಗೆ ಹಸಿರು, ಅಪಾಯ ಹೆಚ್ಚಿರುವವರಿಗೆ ಕೆಂಪು, ಬಸಿರಿನಲ್ಲಿ ಬಿ.ಪಿ. ಏರಿದವರಿಗೆ ನೀಲಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಥರದ್ದು ಜೊತೆಗಿದ್ದರೆ ಹಳದಿ. ನನಗೆ 22ನೇ ವಯಸ್ಸಿನಿಂದ ಥೈರಾಯ್ಡ್ ಕಡಿಮೆ. ಎರಡು ಬಸಿರಿನಲ್ಲಿ ಮೂರು ಕಡೆ ತೋರಿಸಿಕೊಂಡಿದ್ದೇನೆ. ಥೈರಾಯ್ಡ್ ಇಟ್ಟುಕೊಂಡು ಮಿಡ್‌ವೈಫ್ (ಹೆರಿಗೆ ಮಾಡಿಸಲು ತರಬೇತಿ ಪಡೆದವರು) ಹತ್ತಿರ ಹೋಗಬಹುದಾ ಎಂದು ಕೇಳುವವರು ಬಹಳ ಜನ ಇರುವುದರಿಂದ ಬರೆಯುತ್ತಿದ್ದೇನೆ.

ಮೊದಲ ಮಗುವಿಗೆ ಬೆಂಗಳೂರಿನ ಒಂದು ದೊಡ್ಡ ಖಾಸಗಿ ಆಸ್ಪತ್ರೆ. ಎಂಟನೇ ವಾರದಲ್ಲಿ ಟಿ.ಎಸ್.ಎಚ್. (ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿ, ಅದು ಏರಿದರೆ ಥೈರಾಯ್ಡ್ ಸಾಲುತ್ತಿಲ್ಲ ಎಂದರ್ಥ) 6.8 ಬಂತು. ಅದೇ ಕಟ್ಟಡದಲ್ಲಿ ಹಾರ್ಮೋನ್ ಡಾಕ್ಟರೂ ಇದ್ದರು, ಅದೇ ದಿನ ಥೈರಾಯ್ಡ್ ಮಾತ್ರೆ 75 ಮೈಕ್ರೋಗ್ರಾಂನಿಂದ 100ಕ್ಕೆ ಏರಿತು. ಇದು ಸಣ್ಣ ಮಾತಲ್ಲ. ಸುಮಾರು ಮೂರು ತಿಂಗಳು ತುಂಬುವವರೆಗೆ ಮಗುವಿಗೆ ತನ್ನದೇ ಥೈರಾಯ್ಡ್ ಕೆಲಸ ಮಾಡುವುದಿಲ್ಲ, ತಾಯಿಯದ್ದೇ ಗತಿ. ಆ ವಾರಗಳಲ್ಲಿ ಒಂದೊಂದು ದಿನವೂ ಲೆಕ್ಕಕ್ಕೆ ಬರುತ್ತದೆ.

ನಾಲ್ಕನೇ ತಿಂಗಳಿಂದ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಶುರುವಾಯಿತು. ಚೀಟಿಯಲ್ಲಿ 1-0-1 ಎಂದಿತ್ತು, ಹಾಗೇ ನುಂಗಿದೆ. ಬೆಳಿಗ್ಗೆ ಏಳಕ್ಕೆ ಥೈರಾಯ್ಡ್ ಮಾತ್ರೆ, ಹಿಂದೆಯೇ ಕಾಫಿ, ಎಂಟೂವರೆಗೆ ತಿಂಡಿ ತಿಂದು ಉಳಿದೆರಡು. ಟಿ.ಎಸ್.ಎಚ್. ಮತ್ತೆ ಏರಿತು, ಡೋಸ್ 125 ಆಯಿತು. ಹೇಗೆ ನುಂಗುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಎರಡು ಗಂಟೆ ಕಾದು ಒಳಗೆ ಹೋದರೆ ಐದು ನಿಮಿಷ, ಅದರಲ್ಲಿ ಕೇಳುವುದಾದರೂ ಯಾವಾಗ? 38 ವಾರಕ್ಕೆ "ಥೈರಾಯ್ಡ್ ಇದೆ, ರಿಸ್ಕ್ ಬೇಡ" ಎಂದು ಡ್ರಿಪ್ ಹಾಕಿ ನೋವು ಬರಿಸಿದರು. ಹತೋಟಿಯಲ್ಲಿರುವ ಥೈರಾಯ್ಡ್ ಒಂದೇ ಅದಕ್ಕೆ ಕಾರಣ ಆಗುವುದಿಲ್ಲ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಹೆರಿಗೆಯಾದ ಮೇಲೆ ಡೋಸ್ ಇಳಿಸಲು ಯಾರೂ ಹೇಳಲಿಲ್ಲ, 125 ಹಾಗೇ ನಡೆಯಿತು. ಒಂದು ತಿಂಗಳಲ್ಲಿ ಎದೆ ಡವಡವ, ಕೈ ನಡುಕ, ಮಗು ಮಲಗಿದರೂ ನನಗೆ ನಿದ್ದೆ ಇಲ್ಲ. ಬಾಣಂತಿ ಸುಸ್ತು ಎಂದು ಎಲ್ಲರೂ ಸಮಾಧಾನ ಹೇಳಿದರು. ಮಾತ್ರೆ ಹೆಚ್ಚಾಗಿತ್ತು, ಅಷ್ಟೇ.

ಎರಡನೇ ಸಲ ಮಿಡ್‌ವೈಫ್‌ಗಳು ನಡೆಸುವ ಒಂದು ಹೆರಿಗೆ ಕೇಂದ್ರಕ್ಕೆ ಹೋದೆ. ಮೊದಲು ಅದರ ಕೊರತೆಯನ್ನೇ ಹೇಳಿಬಿಡುತ್ತೇನೆ. ಹತ್ತನೇ ವಾರದ ರಿಪೋರ್ಟ್ 5.2 ಬಂದಾಗ ಥೈರಾಯ್ಡ್ ಡೋಸ್ ಬದಲಿಸುವ ಅಧಿಕಾರ ಅವರಿಗಿರಲಿಲ್ಲ. ಕೇಂದ್ರಕ್ಕೆ ಬರುವ ಡಾಕ್ಟರ್ ಊರಲ್ಲಿರಲಿಲ್ಲ. ಡೋಸ್ ಏರಿಸುವ ಡಾಕ್ಟರ್ ಸಿಗುವವರೆಗೆ ಮೂರು ದಿನ ರಿಪೋರ್ಟ್ ಹಿಡಿದು ನಾನೇ ಅಲೆದೆ. ಆ ಮೂರು ದಿನದ ಸಂಕಟ ಮರೆಯುವಂಥದ್ದಲ್ಲ. ಆದ್ದರಿಂದ ಇಂಥ ಕಡೆ ಹೋಗುವವರು ಮೊದಲ ದಿನವೇ ಕೇಳಬೇಕಾದದ್ದು: "ನನ್ನ ರಿಪೋರ್ಟ್ ಕೆಟ್ಟರೆ ಯಾವ ಡಾಕ್ಟರಿಗೆ ಯಾರು ಫೋನ್ ಮಾಡುತ್ತೀರಿ? ಅವರಿಲ್ಲದಿದ್ದರೆ?"

ಇನ್ನು ಅವರು ಮಾಡಿದ್ದು. ಮೊದಲ ಭೇಟಿಯೇ ಒಂದೂಕಾಲು ಗಂಟೆ. "ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡ್ತೀರಿ, ಹೇಳಿ" ಎಂದರು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಶುರುವಾದ ತಿಂಗಳು ನನ್ನ ಡಬ್ಬಿಯನ್ನು ಮೇಜಿನ ಮೇಲೆ ಸುರಿಸಿಕೊಂಡು, ಒಂದು ಹಾಳೆಯಲ್ಲಿ ಗಡಿಯಾರ ಬರೆದು, ಒಂದೊಂದೇ ಮಾತ್ರೆಯನ್ನು ಅದರ ಗಂಟೆಯ ಮೇಲೆ ಇಟ್ಟರು. ಐದೂವರೆಗೆ ಬರೀ ನೀರಲ್ಲಿ ಥೈರಾಯ್ಡ್. ಆರೂವರೆಗೆ ಕಾಫಿ. ಮಧ್ಯಾಹ್ನ ಊಟದ ನಂತರ ಒಂದಕ್ಕೆ ಕ್ಯಾಲ್ಸಿಯಂ. ಸಂಜೆ ಐದಕ್ಕೆ ನಿಂಬೆಹಣ್ಣಿನ ಶರಬತ್ತಿನ ಜೊತೆ ಕಬ್ಬಿಣ. ರಾತ್ರಿ ಊಟದ ಮೇಲೆ ಮತ್ತೆ ಕ್ಯಾಲ್ಸಿಯಂ. ಕಬ್ಬಿಣವೂ ಕ್ಯಾಲ್ಸಿಯಮ್ಮೂ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದುಕೊಂಡು ಮೈಗೆ ಹತ್ತಗೊಡುವುದಿಲ್ಲವಂತೆ, ಅದಕ್ಕೇ ನಾಲ್ಕು ಗಂಟೆಯ ಅಂತರ. ಆ ಹಾಳೆ ಫ್ರಿಜ್ ಮೇಲೆ ಅಂಟಿಸಿದೆ. ಮುಂದಿನ ರಿಪೋರ್ಟ್ 2.1. ಡೋಸ್ ಮತ್ತೆ ಏರಿಸಬೇಕಾಗಲಿಲ್ಲ.

ಯಾವಾಗ ನನ್ನನ್ನು ಆಸ್ಪತ್ರೆಗೆ ಕಳಿಸುತ್ತಾರೆ ಎಂಬುದನ್ನೂ ಬರೆದೇ ಕೊಟ್ಟಿದ್ದರು: ಬಿ.ಪಿ. 140/90 ದಾಟಿದರೆ, ಸಕ್ಕರೆಗೆ ಇನ್ಸುಲಿನ್ ಬೇಕಾದರೆ, ಮಗುವಿನ ಬೆಳವಣಿಗೆ ಕುಂಠಿತವಾದರೆ. ಅದನ್ನು ಓದಿ ನನಗೆ ಭಯ ಆಗಲಿಲ್ಲ, ಧೈರ್ಯ ಬಂತು.

ಏಳನೇ ತಿಂಗಳು ಸೀಮಂತ ಮುಗಿಸಿ ತವರಿಗೆ ಹೋದೆ, ಪಾವಗಡದ ಕಡೆ. ಸೂಲಗಿತ್ತಿ ನರಸಮ್ಮನವರ ಸೀಮೆ ಅದು. ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಆ ತಾಯಿಯ ಹೆಸರು ನಮ್ಮ ಕಡೆ ಈಗಲೂ ಕೈಮುಗಿದೇ ಹೇಳುತ್ತಾರೆ. ಈಗ ಊರಲ್ಲಿರುವುದು ಸಬ್‌ಸೆಂಟರ್ (ಸರ್ಕಾರದ ಸಣ್ಣ ಆರೋಗ್ಯ ಕೇಂದ್ರ) ಸಿಸ್ಟರ್, ಅವರ ಜೊತೆ ಆಶಾ ಕಾರ್ಯಕರ್ತೆ. ಟಿ.ಎಸ್.ಎಚ್. ಪರೀಕ್ಷೆ ಅಲ್ಲಿಲ್ಲ, ಪಾವಗಡದ ಲ್ಯಾಬಿಗೇ ಹೋಗಬೇಕು. ಹೆರಿಗೆಗೆ ನಾನು ಅಲ್ಲಿ ಉಳಿಯುತ್ತಿರಲಿಲ್ಲ. ಆದರೆ ಒಂದು ಸಂಜೆ ನನ್ನ ಬಿ.ಪಿ. 138/88 ಬಂತು. ಸಿಸ್ಟರ್ ಮಾರನೇ ದಿನ ಬೆಳಿಗ್ಗೆ ಏಳಕ್ಕೆ ನಮ್ಮ ಜಗಲಿಯ ಮೇಲೆ ಕೂತಿದ್ದರು. "ರಾತ್ರಿಯೆಲ್ಲಾ ನಿಂದೇ ಯೋಚನೆ ಕಣಮ್ಮ" ಎಂದು ಮತ್ತೆ ನೋಡಿದರು, 118/76. ಮೂತ್ರ ಪರೀಕ್ಷೆಯ ಪಟ್ಟಿಯನ್ನೂ ನೋಡಿ, ಬೆಂಗಳೂರಿನ ಮಿಡ್‌ವೈಫ್‌ಗೆ ತಾವೇ ಫೋನ್ ಮಾಡಿ ಹೇಳಿದರು. ನನ್ನ ಗಡಿಯಾರದ ಹಾಳೆ ಕಂಡು ತಮ್ಮ ಡೈರಿಯಲ್ಲಿ ಅದರಂತೆಯೇ ಬರೆದುಕೊಂಡರು. ಪಕ್ಕದ ಹಟ್ಟಿಯಲ್ಲೂ ಒಬ್ಬಳು ಹಳದಿ ಚೀಟಿಯವಳಿದ್ದಾಳಂತೆ.

36 ವಾರಕ್ಕೆ ಅಮ್ಮನನ್ನೂ ಕರೆದುಕೊಂಡು ಬೆಂಗಳೂರಿಗೆ ಬಂದೆ. ನೋವು ತಾನಾಗಿ ಬಂತು, ಏಳು ಗಂಟೆ, ಎರಡು ಹೊಲಿಗೆ. ಅಮ್ಮ ಪಕ್ಕದಲ್ಲೇ ಇದ್ದಳು. ಮೊದಲ ಸಲ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು.

ಥೈರಾಯ್ಡ್ ಹತೋಟಿಯಲ್ಲಿದ್ದು ಬೇರೇನೂ ಇಲ್ಲದವರು, ಬೆನ್ನಿಗೆ ಖಚಿತವಾಗಿ ಒಬ್ಬ ಡಾಕ್ಟರ್ ಇರುವ ಮಿಡ್‌ವೈಫ್ ಕೇಂದ್ರಕ್ಕೆ ಹೋಗಿ ಎಂದೇ ಹೇಳುತ್ತೇನೆ. ಆ ಡಾಕ್ಟರ್ ಯಾರೆಂದು ಅವರು ಹೆಸರು ಹೇಳದಿದ್ದರೆ ಬೇಡ. ಇನ್ಸುಲಿನ್ ಮೇಲಿರುವವರು, ಮೊದಲಿನಿಂದ ಬಿ.ಪಿ. ಇರುವವರು, ಹೃದಯದ ತೊಂದರೆಯವರು ಆಸ್ಪತ್ರೆಯನ್ನೇ ಹಿಡಿಯಿರಿ. ಡಾಕ್ಟರುಗಳ ಜೊತೆ ಮಿಡ್‌ವೈಫ್‌ಗಳೂ ಇರುವ ಆಸ್ಪತ್ರೆ ಸಿಕ್ಕರೆ ದೂರವಾದರೂ ಅಲ್ಲಿಗೇ. ನನ್ನ ನಾದಿನಿಗೆ ಸಕ್ಕರೆ ಇದೆ, ಅವಳಿಗೂ ಇದನ್ನೇ ಹೇಳಿದ್ದೇನೆ.

ಹೆರಿಗೆಯ ಮರುದಿನ ಮಿಡ್‌ವೈಫ್ ಡಾಕ್ಟರನ್ನು ಕೇಳಿ ನನ್ನ ಮಾತ್ರೆಯನ್ನು ಹಳೆಯ 75ಕ್ಕೆ ಇಳಿಸಿದರು. ಮೂರನೇ ದಿನ ಮನೆಗೆ ಬಂದು, ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಅವಳ ಥೈರಾಯ್ಡ್ ಪರೀಕ್ಷೆಗೂ ಕಳಿಸಿದರು. ಅವಳದು ಸರಿ ಇತ್ತು. ಆರನೇ ವಾರದ ನನ್ನ ರಿಪೋರ್ಟ್ 1.9.