ನೈಲ್ ಕ್ರೂಸ್: ಹಡಗಿನ ಸ್ಟಾರ್ ಬಿಡಿ, ಗುಡಿ ಮುಂದೆ ಸಿಗುವ ಗಂಟೆ ಲೆಕ್ಕ ಹಾಕಿ

ಬಳ್ಳಾರಿಯಿಂದಾಗಲಿ ರಾಯಚೂರಿನಿಂದಾಗಲಿ ಈಜಿಪ್ಟಿಗೆ ಹೊರಟವರ ಕೈಗೆ ಬರುವ ಪ್ಯಾಕೇಜು ಹೆಚ್ಚುಕಮ್ಮಿ ಒಂದೇ ಥರ. ಕೈರೋ ಮುಗಿಸಿಕೊಂಡು ಲಕ್ಸರ್ ಮತ್ತು ಅಸ್ವಾನ್ ನಡುವೆ ಹಡಗಿನಲ್ಲಿ ಮೂರೋ ನಾಲ್ಕೋ ರಾತ್ರಿ. ಹಡಗಿಗೆ ಎಷ್ಟು ಸ್ಟಾರ್, ಮೇಲಿನ ಡೆಕ್ಕಿನಲ್ಲಿ ಈಜುಕೊಳ ಇದೆಯೇ ಎಂಬುದೇ ದಪ್ಪಕ್ಷರದಲ್ಲಿರುತ್ತದೆ. ಆ ಈಜುಕೊಳ ಎಷ್ಟೋ ಹಡಗುಗಳಲ್ಲಿ ತೋಟದ ನೀರಿನ ತೊಟ್ಟಿಯಷ್ಟೇ ಇರುತ್ತದೆ. ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ್ದು ಬೇರೆ: ಯಾವ ಗುಡಿಗೆ ಎಷ್ಟು ಹೊತ್ತಿಗೆ ಇಳಿಸುತ್ತೀರಿ, ಅಲ್ಲಿ ಎಷ್ಟು ಹೊತ್ತು ಬಿಡುತ್ತೀರಿ?

ತೇಲುವ ಲಾಡ್ಜ್ ಎಂದುಕೊಂಡರೆ ಹಡಗಿನ ಬಗ್ಗೆ ದೂರು ಕಡಿಮೆ. ಸೂಟ್‌ಕೇಸ್ ಒಮ್ಮೆ ಬಿಚ್ಚಿದರೆ ಸಾಕು, ಊರೂರಿಗೂ ಕಟ್ಟುವ ತಾಪತ್ರಯವಿಲ್ಲ. ಕ್ಯಾಬಿನ್ ಮಾತ್ರ ಮೇಲಿನ ಅಂತಸ್ತಿನದ್ದೇ ಕೇಳಿ. ಕೆಳಗಿನದ್ದಕ್ಕೆ ಕಿಟಕಿ ನೀರಿನ ಮಟ್ಟದಲ್ಲಿರುತ್ತದೆ, ಹಿಂಭಾಗದ್ದಾದರೆ ಎಂಜಿನ್ ಸದ್ದು ರಾತ್ರಿಯಿಡೀ. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ದಡದಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು, ನಾಲ್ಕೈದು ಸಾಲಾಗಿ ಕಟ್ಟುತ್ತಾರೆ. ಆಗ ‘ನೈಲ್ ವ್ಯೂ’ ಕಿಟಕಿಯಿಂದ ಕಾಣುವುದು ಪಕ್ಕದ ಹಡಗಿನ ಗೋಡೆ, ಪರದೆ ಸರಿಸಿದರೆ ಎದುರಿನವರ ಮಂಚ. ದಡಕ್ಕೆ ಹೋಗಬೇಕಾದರೆ ಬೇರೆ ಹಡಗುಗಳ ಲಾಬಿ ದಾಟುತ್ತಾ, ನಡುವಿನ ಹಲಗೆ ಮೇಲೆ ಕಾಲಿಡುತ್ತಾ ಹೋಗಬೇಕು. ಮೊಣಕಾಲು ನೋವಿರುವ ಹಿರಿಯರಿಗೆ ಗುಡಿಯ ಮೆಟ್ಟಿಲಿಗಿಂತ ಇದೇ ಕಷ್ಟ.

ಗುಡಿಗಳಲ್ಲಿ ನೂಕುನುಗ್ಗಲು ಆಗುವುದಕ್ಕೆ ಕಾರಣವೂ ನದಿಯಲ್ಲೇ ಇದೆ. ಎಸ್ನಾ ಊರಲ್ಲಿ ನದಿಗೆ ಅಡ್ಡಕಟ್ಟೆ ಇದೆ, ಹಡಗನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಅದರ ಲಾಕ್‌ನೊಳಗೆ ಸಾಮಾನ್ಯವಾಗಿ ಒಮ್ಮೆಗೆ ಎರಡು ಹಡಗು. ಉಳಿದವು ಸರದಿಯಲ್ಲಿ ಕಾಯುತ್ತವೆ. ಅಷ್ಟರಲ್ಲಿ ಸಣ್ಣ ದೋಣಿಯವರು ಬಂದು ಕೆಳಗಿನಿಂದಲೇ ಡೆಕ್ಕಿಗೆ ನಿಲುವಂಗಿ, ಶಾಲು ಎಸೆದು ವ್ಯಾಪಾರ ಮಾಡುತ್ತಾರೆ; ಬೇಡವಾದರೆ ಹಾಗೇ ವಾಪಸ್ ಎಸೆಯಿರಿ, ಬೇಸರ ಪಡುವುದಿಲ್ಲ. ಲಾಕ್ ದಾಟಿದ ಹಡಗುಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಎಡ್ಫು ಸೇರುತ್ತವೆ, ಬೆಳಗಿನ ಜಾವ ಜನರನ್ನೆಲ್ಲ ಒಟ್ಟಿಗೇ ಟಾಂಗಾಗಳಿಗೆ ಹತ್ತಿಸುತ್ತಾರೆ. ಟಾಂಗಾ ಬಾಡಿಗೆ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ಹಿಂದಿನ ರಾತ್ರಿಯೇ ಗೈಡನ್ನು ಕೇಳಿ. ಸೇರಿದ್ದರೂ ಇಳಿಯುವಾಗ ಗಾಡಿಯವನು ಬಕ್ಷೀಸು ಕೇಳದೆ ಬಿಡುವುದಿಲ್ಲ. ಸೊರಗಿದ ಕುದುರೆ ನೋಡಿ ಮನಸ್ಸು ಬಾರದವರು ಕಾರು ಕೇಳಬಹುದು.

ಎಡ್ಫುವಿನ ಗುಡಿ ಕಂಡರೆ ಮಾತ್ರ ಈ ಗದ್ದಲವೆಲ್ಲ ಸಾರ್ಥಕ ಅನ್ನಿಸುತ್ತದೆ. ಹೋರಸ್ ದೇವರ ಈ ದೇವಾಲಯದ ಹೆಬ್ಬಾಗಿಲಿನ ಗೋಪುರ ಸುಮಾರು 36 ಮೀಟರ್. ಕ್ರಿ.ಪೂ. 237ರಲ್ಲಿ ಈಜಿಪ್ಟಿನ ಗ್ರೀಕ್ ಮೂಲದ ದೊರೆ ಮೂರನೇ ಟಾಲೆಮಿ ಕೆಲಸ ಶುರು ಮಾಡಿಸಿದ, ಮುಗಿದದ್ದು ಕ್ರಿ.ಪೂ. 57ರಲ್ಲಿ. ಅಶೋಕ ತನ್ನ 13ನೇ ಬಂಡೆ ಶಾಸನದಲ್ಲಿ ಹೆಸರಿಸುವ ತುರಮಾಯ ಇವನ ಅಪ್ಪ, ಎರಡನೇ ಟಾಲೆಮಿ. ಮಸ್ಕಿಯ ಶಾಸನ ಕಂಡವರಿಗೆ ಆ ಕಾಲದ ಅಂದಾಜು ಸುಲಭವಾಗಿ ಸಿಗುತ್ತದೆ. ಎಲ್ಲರೂ ಹೆಬ್ಬಾಗಿಲ ಮುಂದೆ ಫೋಟೋಕ್ಕೆ ನಿಲ್ಲುವಾಗ ನೀವು ನೇರ ಗರ್ಭಗುಡಿಗೆ ನಡೆದು, ಅಲ್ಲಿಂದ ಹಿಂದಕ್ಕೆ ನೋಡುತ್ತಾ ಬನ್ನಿ.

ಕೋಮ್ ಓಂಬೋ ಹಡಗುಕಟ್ಟೆಯ ಪಕ್ಕದಲ್ಲೇ ಇದೆ, ನಡೆದೇ ಹೋಗಬಹುದು. ಮೊಸಳೆ ದೇವರು ಸೋಬೆಕ್‌ಗೆ ಅರ್ಧ, ಹಿರಿಯ ಹೋರಸ್‌ಗೆ ಅರ್ಧ. ಮೊಸಳೆ ಮಮ್ಮಿಗಳ ಮ್ಯೂಸಿಯಂ ಬಿಡಬೇಡಿ. ಒಂದೂವರೆ ಗಂಟೆ ಧಾರಾಳ.

ಲಕ್ಸರ್‌ನಲ್ಲೇ ಪ್ಯಾಕೇಜಿನ ಜಿಪುಣತನ ಬಯಲಾಗುವುದು. ಹಂಪಿಯನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿ ಓಡುವ ಬಸ್ಸಿನವರನ್ನು ಕಂಡು ನಗುವ ನಾವು ಕರ್ನಾಕ್‌ನ ಗುಡಿಗಳ ಆವರಣದಲ್ಲಿ ಅದನ್ನೇ ಮಾಡುತ್ತೇವೆ. 134 ಕಂಬಗಳ ಆ ಮಂಟಪವೊಂದಕ್ಕೇ ಮುಕ್ಕಾಲು ಗಂಟೆ ಬೇಕು, ಇಡೀ ಆವರಣಕ್ಕೆ ಮೂರು ಗಂಟೆ. ಪಶ್ಚಿಮ ದಡದ ರಾಜರ ಕಣಿವೆಯಲ್ಲಿ ಸಾಮಾನ್ಯ ಟಿಕೆಟ್ಟಿಗೆ ಮೂರು ಗೋರಿ ಮಾತ್ರ, ಯಾವ ಮೂರು ಎಂಬುದು ನಿಮ್ಮ ಆಯ್ಕೆ. ಇಳಿಜಾರು ಕಡಿಮೆ ಬೇಕೆಂದರೆ ನಾಲ್ಕನೇ ರಾಮ್ಸೆಸ್‌ನದು ಒಳ್ಳೆಯದು. ಮೆರೆನ್‌ಪ್ಟಾನದು ಆಳಕ್ಕೆ ಇಳಿಯುತ್ತದೆ, ಹತ್ತಿ ಬರುವಾಗ ಏದುಸಿರು. ಟುಟಾಂಖಾಮನ್ ಗೋರಿಗೆ ಪ್ರತ್ಯೇಕ ಟಿಕೆಟ್. 1922ರಲ್ಲಿ ಸಿಕ್ಕಿದ್ದಕ್ಕೆ ಹೆಸರು ದೊಡ್ಡದು, ಗೋರಿ ಚಿಕ್ಕದು, ಚಿನ್ನದ ಮುಖವಾಡವೂ ಅಲ್ಲಿಲ್ಲ. ಅದೇ ಹಣಕ್ಕೆ ಇನ್ನಷ್ಟು ಸೇರಿಸಿ ಮೊದಲನೇ ಸೇಟಿಯ ಗೋರಿ ನೋಡಿ: 130 ಮೀಟರಿಗೂ ಉದ್ದ, ಗೋಡೆಯ ಬಣ್ಣ ಇಂದಿಗೂ ಮಾಸಿಲ್ಲ. ಸರದಿ ಪ್ರಕಾರ ಕೆಲವು ಗೋರಿ ಮುಚ್ಚಿರುತ್ತವೆ, ಹೋದ ದಿನ ವಿಚಾರಿಸಿ. ಟಿಕೆಟ್ ಕೌಂಟರ್‌ಗಳಲ್ಲಿ ಬಹುತೇಕ ಕಡೆ ಕಾರ್ಡ್ ಮಾತ್ರ ನಡೆಯುತ್ತದೆ, ನಗದು ತೆಗೆದುಕೊಳ್ಳುವುದಿಲ್ಲ. ವಿದೇಶದಲ್ಲಿ ಬಳಸಲು ಕಾರ್ಡನ್ನು ಊರಲ್ಲೇ ಬ್ಯಾಂಕಿನಿಂದ ಚಾಲೂ ಮಾಡಿಸಿಕೊಳ್ಳದಿದ್ದರೆ ಗುಂಪೆಲ್ಲ ಒಳಗೆ, ನೀವು ಗೇಟಿನ ಹೊರಗೆ.

ಅಸ್ವಾನ್‌ನಲ್ಲಿ ಅರೆಬರೆ ಬಿಟ್ಟ ಒಬೆಲಿಸ್ಕ್ (ಚೂಪು ತುದಿಯ ಏಕಶಿಲಾ ಸ್ತಂಭ) ನೋಡಲು ಇಪ್ಪತ್ತು ನಿಮಿಷ ಕೊಡುತ್ತಾರೆ. ಕುಷ್ಟಗಿ, ಇಳಕಲ್ ಕಡೆಯ ಗ್ರಾನೈಟ್ ಕ್ವಾರಿ ಕಂಡವರಿಗೆ ಅದು ಏನೇನೂ ಸಾಲದು. ಸುಮಾರು 42 ಮೀಟರ್ ಉದ್ದದ ಒಂದೇ ಕಲ್ಲು, ಡಾಲರೈಟ್ ಎಂಬ ಗಟ್ಟಿ ಕಲ್ಲಿನ ಗುಂಡಿನಿಂದ ಕುಟ್ಟಿ ಕುಟ್ಟಿ ಬಿಡಿಸುತ್ತಿದ್ದದ್ದು, ಬಿರುಕು ಬಿಟ್ಟಿದ್ದಕ್ಕೆ ಅಲ್ಲೇ ಕೈಬಿಟ್ಟರು. ಕುಟ್ಟಿದ ಗುರುತು ಸಾಲುಸಾಲಾಗಿ ಕಾಣುತ್ತದೆ. 1970ರಲ್ಲಿ ಮುಗಿದ ದೊಡ್ಡ ಅಣೆಕಟ್ಟಿನ ಮೇಲೆ ನೋಡಲು ಹೆಚ್ಚೇನಿಲ್ಲ, ಆದರೆ ಲೆಕ್ಕ ಕೇಳಿ: ಅದರ ಹಿಂಬದಿಯ ಜಲಾಶಯಕ್ಕೆ 4,500 ಟಿಎಂಸಿಗೂ ಹೆಚ್ಚು ನೀರು ಹಿಡಿಯುತ್ತದೆ, ನಮ್ಮ ತುಂಗಭದ್ರಾ ಕಟ್ಟಿದಾಗ 133. ಅಷ್ಟು ನೀರಿನಡಿ ಹೋಗಬೇಕಿದ್ದ ಅಬು ಸಿಂಬೆಲ್ ಗುಡಿಗಳನ್ನು 1964ರಿಂದ 68ರವರೆಗೆ ತುಂಡುತುಂಡಾಗಿ ಕೊಯ್ದು 65 ಮೀಟರ್ ಮೇಲಕ್ಕೆ ಸಾಗಿಸಿದರು. ಅದು ಪ್ಯಾಕೇಜಿನಲ್ಲಿ ಬಹುತೇಕ ‘ಐಚ್ಛಿಕ’, ಅಂದರೆ ಹೆಚ್ಚಿನ ದುಡ್ಡು. ಬೆಳಗಿನ ನಾಲ್ಕಕ್ಕೇ ಬಸ್ಸು, ಹೋಗಲು ಸುಮಾರು 280 ಕಿಲೋಮೀಟರ್, ಬರಲು ಅಷ್ಟೇ. ಆದರೂ ಕೊಡಿ. ಬೇರೆ ಯಾವುದನ್ನಾದರೂ ಬಿಡಬಹುದು, ಇದನ್ನಲ್ಲ.

ಊಟ ಬಫೆ. ಶಾಕಾಹಾರಿಗಳು ಉಪವಾಸ ಬೀಳುವುದಿಲ್ಲ: ಬೇಯಿಸಿದ ಬಾಕಳೆ (ಫಾವಾ ಬೀನ್ಸ್) ಕಾಳಿನ ಫೂಲ್, ಅದೇ ಕಾಳಿನ ವಡೆ ತಾಮಿಯಾ, ಅನ್ನ, ಮಸೂರ ಬೇಳೆ, ಮ್ಯಾಕರೋನಿ ಬೆರೆಸಿ ಮೇಲೆ ಹುರಿದ ಈರುಳ್ಳಿ ಹಾಕುವ ಕೊಶರಿ. ಮುಲೂಖಿಯಾ ಎಂಬ ಸೊಪ್ಪಿನ ಸಾರು ನೋಡಲು ನಮ್ಮದೇ ಅನ್ನಿಸಿದರೂ ಹೆಚ್ಚಾಗಿ ಕೋಳಿ ನೀರಿನಲ್ಲೇ ಕುದಿಸಿರುತ್ತಾರೆ, ಕೇಳಿ ತಿನ್ನಿ. ಖಾರ ಬಹಳ ಕಡಿಮೆ, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಜೊತೆಗಿದ್ದರೆ ನಾಲಿಗೆಗೆ ಸಮಾಧಾನ. ‘ಫುಲ್ ಬೋರ್ಡ್’, ಅಂದರೆ ಮೂರು ಹೊತ್ತಿನ ಊಟ ಸೇರಿದೆ ಎಂದಿದ್ದರೂ ಕುಡಿಯುವ ನೀರಿನ ಬಾಟಲಿಗೆ, ಚಹಾಕ್ಕೆ ಎಷ್ಟೋ ಹಡಗುಗಳಲ್ಲಿ ಬಿಲ್ ಬೇರೆ.

ಪಪೈರಸ್ (ಜೊಂಡಿನಿಂದ ಮಾಡಿದ ಹಳೇ ಕಾಲದ ಕಾಗದ) ಅಂಗಡಿಗೆ, ಅತ್ತರ್ ಅಂಗಡಿಗೆ ಕರೆದೊಯ್ದರೆ ತಲಾ ಒಂದು ಗಂಟೆ ಗುಡಿಯ ಹೊತ್ತಿನಿಂದಲೇ ಹೋಯಿತೆಂದು ತಿಳಿಯಿರಿ. ಅಂಗಡಿ ಬೇಡವೆಂದು ಬುಕ್ ಮಾಡುವಾಗಲೇ ಬರೆಸಿಕೊಳ್ಳಿ. ಬೀದಿಯಲ್ಲಿ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಬಾಳೆ ಎಲೆಯದು. ಅಸಲಿ ಪಪೈರಸ್ ಬೆಳಕಿಗೆ ಹಿಡಿದರೆ ಅಡ್ಡ, ಉದ್ದ ಎರಡೂ ನಾರು ಕಾಣುತ್ತವೆ.

ದುಡ್ಡು ಇನ್ನಷ್ಟು ಹಾಕಬಲ್ಲವರು ದೊಡ್ಡ ಹಡಗಿನ ಬದಲು ದಹಬಿಯಾ ಕೇಳಲಿ. ಹಾಯಿ ಕಟ್ಟಿದ ದೋಣಿ, ಹತ್ತು ಕ್ಯಾಬಿನ್ನಿನೊಳಗೆ, ಸಾಮಾನ್ಯವಾಗಿ ಎಸ್ನಾದಿಂದಲೇ ಹೊರಡುವುದರಿಂದ ಲಾಕಿನ ಸರದಿಯಿಲ್ಲ, ಗೆಬೆಲ್ ಸಿಲ್ಸಿಲಾದ ಮರಳುಗಲ್ಲಿನ ಕ್ವಾರಿಯಂಥ ಕಡೆ ನಿಲ್ಲುತ್ತದೆ. ಅಷ್ಟು ಆಗದವರಿಗೆ ನಮ್ಮ ಸಲಹೆ: ಅಸ್ವಾನ್‌ನಿಂದ ಲಕ್ಸರ್‌ಗೆ ಹರಿವಿನ ಜೊತೆ ಬರುವ ಮೂರು ರಾತ್ರಿಯ ಕ್ರೂಸ್ ತೆಗೆದುಕೊಂಡು, ಉಳಿದ ಹಣದಲ್ಲಿ ಲಕ್ಸರ್ ಪಶ್ಚಿಮ ದಡದ ಸಣ್ಣ ಹೋಟೆಲಿನಲ್ಲಿ ಎರಡು ರಾತ್ರಿ. ಕಣಿವೆಯ ಗೇಟು ತೆರೆಯುವ ಹೊತ್ತಿಗೆ ಅಲ್ಲಿರಬಹುದು, ಹಡಗಿನವರು ಬರುವಷ್ಟರಲ್ಲಿ ಎರಡು ಗೋರಿ ಮುಗಿದಿರುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ರಾಯಚೂರಿನ ಬಿಸಿಲು ಕಂಡವರು ಮೇ ತಿಂಗಳ ಅಗ್ಗದ ದರಕ್ಕೆ ಮರುಳಾಗಬೇಡಿ, ಅಲ್ಲಿ ನೆರಳೇ ಇಲ್ಲ. ಡಿಸೆಂಬರ್‌ನಲ್ಲಿ ಡೆಕ್ಕಿನ ಮೇಲೆ ರಾತ್ರಿ ಕೂರಲು ಸ್ವೆಟರ್ ಬೇಕೇ ಬೇಕು.