ಮೇನ್‌ಫ್ರೇಮ್‌ಗೆ ಬ್ಯಾಕ್‌ಬೋನ್ ಅಂದ್ರೆ ನನ್ನ ಓಟು ಎಫ್‌ಡಿಡಿಐಗೇ
1996ರಲ್ಲಿ ನಮ್ ಕ್ಯಾಂಪಸ್‌ಗೆ ಬ್ಯಾಕ್‌ಬೋನ್ (ಎಲ್ಲಾ ಬಿಲ್ಡಿಂಗಿನ ನೆಟ್‌ವರ್ಕ್ ಒಂದಕ್ಕೊಂದು ಸೇರಿಸೋ ಮುಖ್ಯ ಲೈನು) ಆರಿಸೋ ಟೀಮಲ್ಲಿದ್ದೆ. ಒಂದ್ಕಡೆ ಐಬಿಎಂ ಮೇನ್‌ಫ್ರೇಮು (ಎಲ್ರೂ ಹಂಚ್ಕೊಂಡು ಬಳಸೋ ದೊಡ್ಡ ಕಂಪ್ಯೂಟರು), ಇನ್ನೊಂದ್ಕಡೆ ನಾಲ್ಕು ಬಿಲ್ಡಿಂಗಲ್ಲಿ ಟೋಕನ್ ರಿಂಗು ಈಥರ್ನೆಟ್ಟು ಅಂತ ಬೇರೆ ಬೇರೆ ಥರದ ನೆಟ್‌ವರ್ಕು, ಎಲ್ಲಾ ಕಲಸುಮೇಲೋಗರ. ಎಲ್ರೂ ಎಟಿಎಂ ಎಟಿಎಂ ಅಂತಿದ್ರು (ಬ್ಯಾಂಕಿಂದಲ್ಲ, ನೆಟ್‌ವರ್ಕಿಂದು), ಸೆಕೆಂಡಿಗೆ 155 ಮೆಗಾಬಿಟ್ಟು, ಮಾತು ಡೇಟಾ ಎಲ್ಲಾ ಒಂದ್ರಲ್ಲೇ ಹೋಗತ್ತೆ ಅಂತ. ನಾವು ತಗೊಂಡಿದ್ದು 100 ಮೆಗಾಬಿಟ್‌ನ ಎಫ್‌ಡಿಡಿಐ (ಫೈಬರ್ ಕೇಬಲ್ಲಿನ ಜೋಡಿ ರಿಂಗಲ್ಲಿ ಓಡೋ ನೆಟ್‌ವರ್ಕು), ಸರಿಯಾಗೇ ಆರಿಸಿದ್ವಿ ಅಂತ ಇವತ್ತಿಗೂ ಹೇಳ್ತೀನಿ.

ಯಾಕಂದ್ರೆ ಮೇನ್‌ಫ್ರೇಮ್ ಬಳಸೋಕೆ ಕೂರೋ 3270 ಟರ್ಮಿನಲ್ಲಿನ ಒಂದು ಸ್ಕ್ರೀನು 24 ಸಾಲು 80 ಅಕ್ಷರ, ಎರಡು ಕೆಬಿನೂ ಆಗಲ್ಲ, ಅದಕ್ಕೆ ಸ್ಪೀಡ್ ಎಷ್ಟು ಬೇಕು ಹೇಳಿ. ಕೂತು ಕೆಲ್ಸ ಮಾಡೋರಿಗೆ ಸೆಷನ್ (ಮೇನ್‌ಫ್ರೇಮ್ ಜೊತೆಗಿನ ಸಂಪರ್ಕ) ಬೀಳ್ಬಾರ್ದು ಅಷ್ಟೇ. ಮೇನ್‌ಫ್ರೇಮ್ ಮಾತಾಡೋ ಐಬಿಎಂನ ಪ್ರೋಟೋಕಾಲ್ ಎಸ್‌ಎನ್‌ಎಗೆ ತಾಳ್ಮೆ ಕಮ್ಮಿ, ಸ್ವಲ್ಪ ಹೊತ್ತು ಉತ್ತರ ಬರ್ಲಿಲ್ವಾ ಸೆಷನ್ ಕಟ್, ಅರ್ಧ ಹೊಡೆದಿದ್ದ ಎಂಟ್ರಿ ಮತ್ತೆ ಮೊದಲಿಂದ. ಆಗಿನ ಫಾಸ್ಟ್ ಈಥರ್ನೆಟ್ಟಲ್ಲಿ (100 ಮೆಗಾಬಿಟ್ಟಿನ ಈಥರ್ನೆಟ್ಟು) ಒಂದು ಲಿಂಕ್ ಹೋದ್ರೆ ಸ್ಪ್ಯಾನಿಂಗ್ ಟ್ರೀ (ಬದಲಿ ದಾರಿ ಆರಿಸೋ ವ್ಯವಸ್ಥೆ) ಬೇರೆ ದಾರಿ ಹಿಡಿಯೋಕೆ 30ರಿಂದ 50 ಸೆಕೆಂಡು ಬೇಕಿತ್ತು, ಎಟಿಎಂ ಲ್ಯಾನ್ ಎಮ್ಯುಲೇಶನ್ (ಎಟಿಎಂ ಮೇಲೆ ಈಥರ್ನೆಟ್ ಥರ ನಡೆಸೋದು) ಟ್ರಯಲಲ್ಲಿ ಒಂದು ಸರ್ವರ್ ನಿಲ್ಸಿ ನೋಡಿದ್ವಿ, ಎಲ್ಲಾ ಕ್ಲೈಂಟೂ ಹೊರಗೆ ಬಿದ್ದು ಮತ್ತೆ ಒಂದೊಂದಾಗಿ ಸೇರ್ಕೋಬೇಕಾಯ್ತು. ಎಫ್‌ಡಿಡಿಐಲಿ ಎರಡು ರಿಂಗು ಎದುರುಬದುರು ಓಡತ್ತೆ, ಕಟ್ಟಾದ್ರೆ ಅಕ್ಕಪಕ್ಕದ ಎರಡು ಸ್ಟೇಷನ್ನೇ (ರಿಂಗಿಗೆ ಸೇರಿಸಿದ ಉಪಕರಣ) ಮಡಚ್ಕೊಂಡು ಒಂದೇ ರಿಂಗ್ ಮಾಡ್ಕೊಳತ್ತೆ. ಒಂದ್ಸಲ ಪೈಪ್‌ಲೈನ್‌ಗೆ ಅಂತ ಜೆಸಿಬಿ ಅಗೆದು ಫೈಬರ್ ಕತ್ತರಿಸಿ ಹಾಕ್ತು, ಒಬ್ರೇ ಒಬ್ರು ಫೋನ್ ಮಾಡ್ಲಿಲ್ಲ, ಅಲಾರಂ ನೋಡಿ ನಮಗೇ ಗೊತ್ತಾಗಿದ್ದು. ಆದ್ರೆ ಒಂದು ಮಾತು, ಕಂಟ್ರಾಕ್ಟರು ಮೊದ್ಲು ರಿಂಗಿನ ಹೋಗೋ ಕೇಬಲ್ಲೂ ಬರೋ ಕೇಬಲ್ಲೂ ಒಂದೇ ಗುಂಡೀಲಿ ಹಾಕಿದ್ರು, ಹಂಗೇ ಬಿಟ್ಟಿದ್ರೆ ಎರಡೂ ಒಟ್ಟಿಗೆ ಹೋಗಿರೋದು, ಜಗಳ ಆಡಿ ಬೇರೆ ದಾರೀಲಿ ಎಳೆಸಿದ್ವಿ.

ತೊಂದ್ರೆನೂ ಇತ್ತು. ಅಡಾಪ್ಟರ್ ರೇಟು ಕೈ ಸುಡ್ತಿತ್ತು. ಎಫ್‌ಡಿಡಿಐ ಫ್ರೇಮು (ಒಂದ್ಸಲಕ್ಕೆ ಹೋಗೋ ಡೇಟಾ ಕಟ್ಟು) 4500 ಬೈಟಿನವರೆಗೂ ಇರತ್ತೆ, ಈಥರ್ನೆಟ್ಟಿಂದು 1518, ನಡುವೆ ಬರೀ ಬ್ರಿಡ್ಜ್ (ಎರಡು ನೆಟ್‌ವರ್ಕ್ ಸೇರಿಸೋ ಸರಳ ಡಬ್ಬ) ಹಾಕಿದ್ರೆ ಐಪಿ ಅಲ್ಲದ ದೊಡ್ಡ ಫ್ರೇಮೆಲ್ಲಾ ಮಾಯ, ಅಲ್ಲಿ ರೌಟರೇ ಹಾಕ್ಬೇಕು. ಮೇನ್‌ಫ್ರೇಮ್ ಕಡೆ ಚಾನೆಲ್ಲಿಗೆ (ಅದರ ಇನ್‌ಪುಟ್-ಔಟ್‌ಪುಟ್ ದಾರಿ) ನೆಟ್‌ವರ್ಕ್ ಜೋಡಿಸೋ ಐಬಿಎಂ 3172 ಕೂರಿಸಿದ್ವಿ, ಅದ್ರಿಂದ ಒಂದಿನಾನೂ ಕಾಟ ಇರ್ಲಿಲ್ಲ.

1998ರಲ್ಲಿ ಗಿಗಾಬಿಟ್ ಈಥರ್ನೆಟ್ ಬಂತು, ಮುಂದೆ ನಾವೂ ಅದಕ್ಕೇ ಹೋದ್ವಿ. ಆದ್ರೆ ಎಫ್‌ಡಿಡಿಐ 2 ಕಿಲೋಮೀಟರ್ ಓಡ್ತಿದ್ದ ಅದೇ 62.5 ಮೈಕ್ರಾನ್ ಫೈಬರಲ್ಲಿ ಗಿಗಾಬಿಟ್ಟಿನ ಅಗ್ಗದ ಪೋರ್ಟು 300 ಮೀಟರೂ ಮುಟ್ಟಲ್ಲ, ಹಂಗಾಗಿ ದೂರದ ಬಿಲ್ಡಿಂಗಿಗೆ ಹೊಸ ಫೈಬರ್ ಎಳೆಯೋವರೆಗೂ ಹಳೇ ರಿಂಗೇ ಓಡ್ತಿತ್ತು.