ಚಿತ್ರದುರ್ಗದ ಬಂಡೆಗಳ ನಡುವೆ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್

ಅಂಗೈಯಲ್ಲಿ ಹಿಡಿಯುವ ಈ ಜಿಪಿಎಸ್ ಬ್ಯಾಟರಿ ಸೇರಿ ಸುಮಾರು 142 ಗ್ರಾಂ ತೂಗುತ್ತದೆ, ಪರದೆ 2.2 ಇಂಚು. ಎರಡು ಎಎ ಸೆಲ್ಲುಗಳಲ್ಲಿ 25 ಗಂಟೆ ನಡೆಯುತ್ತದೆ ಎನ್ನುತ್ತದೆ ಕಂಪನಿ. ಬ್ಯಾಕ್‌ಲೈಟ್ ಉರಿಸಿದರೆ ಅಷ್ಟು ಸಿಗದು. ಸೆಲ್ ಯಾವ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ನಮಗೆ ಅದೇ ದೊಡ್ಡ ಅನುಕೂಲ. ರೀಚಾರ್ಜ್ ಸೆಲ್ ಹಾಕಿದರೆ ಸೆಟಪ್‌ನಲ್ಲಿ ಬ್ಯಾಟರಿ ವಿಧವನ್ನು ಎನ್‌ಐಎಂಎಚ್ ಎಂದು ಬದಲಿಸಿ. ಇಲ್ಲವಾದರೆ ಚಾರ್ಜ್ ಗುರುತು ಸುಳ್ಳು ಹೇಳುತ್ತದೆ. ಯುಎಸ್‌ಬಿ ಚುಚ್ಚಿದರೂ ಒಳಗಿನ ಸೆಲ್ ಚಾರ್ಜ್ ಆಗುವುದಿಲ್ಲ.

ಜೋಗಿಮಟ್ಟಿ ಏರುವ ಮುನ್ನ ಗಾಡಿ ನಿಲ್ಲಿಸಿದ ಬಯಲಲ್ಲೇ ಆನ್ ಮಾಡಿ, ಉಪಗ್ರಹಗಳು ಹಿಡಿಯುವವರೆಗೆ ಕಾಯಿರಿ. ಜಿಪಿಎಸ್ ಜೊತೆ ರಷ್ಯಾದ ಉಪಗ್ರಹ ವ್ಯವಸ್ಥೆ ಗ್ಲೋನಾಸ್ ಅನ್ನೂ ಆಯ್ದುಕೊಳ್ಳಿ. ಜಾಯ್‌ಸ್ಟಿಕ್ ಒತ್ತಿ ಹಿಡಿದರೆ ಆ ಜಾಗ ಗುರುತಾಗುತ್ತದೆ. ಟ್ರ್ಯಾಕ್ ರೆಕಾರ್ಡ್ ಆನ್ ಇದ್ದರೆ, ಮರಳುವಾಗ ಬಂದ ಹೆಜ್ಜೆಯಲ್ಲೇ ಇಳಿಯಬಹುದು. ಹಳೆಯ ಟೋಪೋ (ಭೂಮಿಯ ಏರಿಳಿತ ತೋರಿಸುವ) ನಕ್ಷೆಯೊಂದಿಗೆ ಹೋಲಿಸುವವರು ಒಂದು ಮಾತು ನೆನಪಿಡಿ: ಅದು ಎವರೆಸ್ಟ್ ಡೇಟಮ್ (ಅಕ್ಷಾಂಶ, ರೇಖಾಂಶ ಅಳೆಯಲು ಬಳಸುವ ಆಧಾರ), ಉಪಕರಣದಲ್ಲಿರುವುದು ಡಬ್ಲ್ಯುಜಿಎಸ್ 84. ಹಾಗೇ ಹೋಲಿಸಿದರೆ ಸ್ಥಾನ ತಪ್ಪುತ್ತದೆ.

ಇದರ ನಿಜವಾದ ಕೊರತೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲದಿರುವುದು. ನಿಂತಲ್ಲೇ ತಿರುಗಿದರೆ ಬಾಣ ನಂಬುವಂತಿಲ್ಲ; ನಾಲ್ಕು ಹೆಜ್ಜೆ ನಡೆದ ಮೇಲೆ ಸರಿಹೋಗುತ್ತದೆ. ದುರ್ಗದ ಕೋಟೆಯ ಇಕ್ಕಟ್ಟಾದ ಕಲ್ಲುಸಂದಿಗಳಲ್ಲಿ ಸಂಕೇತ ಬಂಡೆಗೆ ಬಡಿದು ಪ್ರತಿಫಲಿಸುವುದರಿಂದ ಟ್ರ್ಯಾಕ್ ಗೆರೆ ಅಡ್ಡಾದಿಡ್ಡಿಯಾಗುತ್ತದೆ. ಚಂದ್ರವಳ್ಳಿ ಗುಹೆಯೊಳಗಂತೂ ಯಾವ ಜಿಪಿಎಸ್ಸೂ ಕೆಲಸ ಮಾಡದು. ದಿಕ್ಸೂಚಿ, ವಾಯುಭಾರದಿಂದ ಎತ್ತರ ಅಳೆಯುವ ಸೌಲಭ್ಯ ಎರಡೂ ಬೇಕಿದ್ದರೆ ಇದೇ ಸರಣಿಯ 32ಎಕ್ಸ್ ಕೊಳ್ಳಿ. ಬರೀ ದಾರಿ ತಪ್ಪದಿದ್ದರೆ ಸಾಕೆನ್ನುವವರಿಗೆ 22ಎಕ್ಸ್ ಧಾರಾಳ.